ಹಿಂದಿನ ಟೈರ್ ಸವೆತ: ಅಂಚಲ್ಲ, ನಡು ನೋಡಿ
ಬೈಕಿಗೆ ಲಗೇಜ್ ಕಟ್ಟಿಕೊಂಡು ದೂರ ಹೋಗುವವರು ಹಿಂದಿನ ಟೈರಿನ ಅಂಚು ನೋಡಿ ‘ಇನ್ನೂ ಹೊಸದಿದೆ’ ಅಂದ್ಕೋಬೇಡಿ, ನಡುಭಾಗ ನೋಡಿ. ಟೈರಿನ ಪಕ್ಕದ ಮೈಮೇಲೆ ಟಿಡಬ್ಲ್ಯುಐ (TWI, ಅಂದ್ರೆ ಸವೆತ ತೋರಿಸುವ ಗುರುತು) ಅಥವಾ ಸಣ್ಣ ತ್ರಿಕೋನದ ಗುರುತಿರುತ್ತದೆ. ಅದರ ನೇರಕ್ಕೆ ಗ್ರಿಪ್ ಸಂದಿಯೊಳಗೆ ಪುಟ್ಟ ರಬ್ಬರ್ ದಿಬ್ಬ. ನಡುವಿನ ಗ್ರಿಪ್ ಸವೆದು ಅದಕ್ಕೆ ಸಮ ಬಂದರೆ ಟೈರ್ ಮುಗೀತು. ಹುಮನಾಬಾದ್ ಕಡೆಯ ನೇರ ಹೆದ್ದಾರಿಯಲ್ಲಿ ಗಾಡಿ ವಾಲುವುದೇ ಕಮ್ಮಿ ಅಲ್ವಾ, ಎಂಜಿನ್ ಎಳೆತ, ಲಗೇಜ್ ಭಾರ ಎಲ್ಲ ನಡುವಿನ ಪಟ್ಟಿಯ ಮೇಲೇ ಬೀಳುತ್ತದೆ. ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗಲೇ ಚೆಕ್ ಮಾಡಿಸಿ. ಕಲಬುರಗಿಯ ಮೇ ಬಿಸಿಲಲ್ಲಿ ಓಡಿ ಬಂದ ಟೈರ್ ಗಾಳಿ ಒತ್ತಡ ಜಾಸ್ತಿ ತೋರಿಸುತ್ತದೆ, ಆಗ ಸುಮ್ನೆ ಗಾಳಿ ಬಿಡಬೇಡಿ. ಹಳೇ ಟೈರಿಗೆ ಮಾತ್ರ ಈ ಗ್ರಿಪ್ ಸವೆತದ ಲೆಕ್ಕ ನಡೆಯಲ್ಲ. ಗ್ರಿಪ್ ಇದ್ದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿ. ಪಕ್ಕದಲ್ಲಿ 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು.