ಮರಚೌಕಟ್ಟಿನ ಹಳೆಯ ಪಬ್ಬನ್ನು ಮನೆಗಳಾಗಿ ಮಾಡುವಾಗ

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಓಕ್ ಚೌಕಟ್ಟಿನ ಹಳೆಯ ಪಬ್ ಕೊಂಡು ಎರಡು ಮೂರು ಮನೆ ಮಾಡಲು ಹೊರಟವರು ಮೊದಲು ಎಣಿಸಬೇಕಾದದ್ದು ಅಂಕಣಗಳನ್ನು, ಅಂದರೆ ಎರಡು ಕಂಬದ ಸಾಲುಗಳ ನಡುವಿನ ಜಾಗಗಳನ್ನು. ಮಲಗುವ ಕೋಣೆಗಳ ಲೆಕ್ಕ ಆಮೇಲೆ. ಮನೆಗಳನ್ನು ಬೇರ್ಪಡಿಸುವ ಗೋಡೆ ಕಂಬದ ಸಾಲಿನಲ್ಲೇ ಬಂದರೆ ಹಳೆಯ ಮರಕ್ಕೆ ಗರಗಸ ತಾಗಿಸುವ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ಮಹಡಿಯಲ್ಲಿ ಬಾಗಿಲು ಬೇಕೆಂದು ಅಡ್ಡತೊಲೆ ಕತ್ತರಿಸಬೇಡಿ. ಮಾಡಿನ ಭಾರ ಕಂಬಗಳ ತಲೆಯನ್ನು ಹೊರಕ್ಕೆ ನೂಕುತ್ತಿರುತ್ತದೆ, ಹಿಡಿದಿಟ್ಟಿರುವುದು ಆ ತೊಲೆಯೇ.

ಇಂಥ ಬದಲಾವಣೆಗೆ ಯೋಜನಾ ಅನುಮತಿ ಕಡ್ಡಾಯ. ಪಬ್ಬಾಗಿಯೇ ನಡೆಸುವವರು ಸಿಗಲಿಲ್ಲವೆಂಬುದಕ್ಕೆ ಪುರಾವೆಯನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ಕೇಳುವುದು ನ್ಯಾಯವೇ, ಊರಿಗೆ ಇರುವುದು ಅದೊಂದೇ ಪಬ್ ಆಗಿರಬಹುದು. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಒಳಗಿನ ಬದಲಾವಣೆಗೂ ಪ್ರತ್ಯೇಕ ಒಪ್ಪಿಗೆ ಬೇಕು, ಇಲ್ಲದಿದ್ದರೆ ಪಾರಂಪರಿಕ ಕಟ್ಟಡಗಳ 1990ರ ಕಾಯ್ದೆಯಡಿ ಅಪರಾಧ. ಅಟ್ಟದಲ್ಲಿ ಕಾನೂನಿನ ರಕ್ಷಣೆಯಿರುವ ಬಾವಲಿಗಳಿವೆಯೇ ಎಂಬ ಸಂಜೆಯ ಸಮೀಕ್ಷೆ ಮೇಯಿಂದ ಸೆಪ್ಟೆಂಬರ್ ನಡುವೆ ಮಾತ್ರ. ಆ ಅವಧಿ ತಪ್ಪಿದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು.

ಮರದ ಪರೀಕ್ಷೆ ನೆಲಮಟ್ಟದ ಅಡಿತೊಲೆಯಿಂದ ಶುರುವಾಗಲಿ. ದಬ್ಬಳ ಸಲೀಸಾಗಿ ಇಳಿದರೆ, ತೇವದ ಮೀಟರು 20%ಕ್ಕಿಂತ ಹೆಚ್ಚು ತೋರಿಸಿದರೆ ಮರ ಕೊಳೆಯುವ ಹಾದಿಯಲ್ಲಿದೆ. ಕಾರಣ ಬಹಳ ಸಲ ಹೊರಗಿನ ಸಿಮೆಂಟ್ ಗಿಲಾವು: ಬಿರುಕಿನಲ್ಲಿ ಇಳಿದ ಮಳೆನೀರು ಮತ್ತೆ ಆವಿಯಾಗಲು ಅದು ಬಿಡುವುದಿಲ್ಲ. ಅದನ್ನು ಕೈ ಉಳಿಯಿಂದ ಮೆಲ್ಲಗೆ ಬಿಡಿಸಿ, ಮರ ಒಣಗಲು ಬಿಡಿ. ಕೊಳೆತಷ್ಟನ್ನೇ ಕೊಯ್ದು ಹೊಸ ಓಕ್ ಬೆಸೆಯಿರಿ, ಓಕ್ ಗೂಟದಿಂದಲೇ ಬಿಗಿಯಿರಿ. ಬೋಲ್ಟ್ ಬೇಕಾದಲ್ಲಿ ಸ್ಟೇನ್‌ಲೆಸ್ ಸ್ಟೀಲ್. ಓಕ್ ಮರದ ಟ್ಯಾನಿನ್ ಸಾದಾ ಕಬ್ಬಿಣವನ್ನು ತಿನ್ನುತ್ತದೆ. ತಡಿಕೆಯ ಮೇಲಿನ ಹಳೆಯ ಮಣ್ಣಿನ ಮೆತ್ತಿಕೆ ಗಟ್ಟಿಯಿದ್ದರೆ ಕೀಳಬೇಡಿ, ಸುಣ್ಣದ ಗಾರೆಯಿಂದ ತೇಪೆ ಹಾಕಿದರೆ ಸಾಕು. 5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಆ ಕೆಲಸ ಹಿಡಿಯಬೇಡಿ.

ನಡುಗೋಡೆ ತಡೆಯಬೇಕಾದ ಮಾತಿನ ಸದ್ದು ಕನಿಷ್ಠ 43 ಡೆಸಿಬಲ್. ಬೆಂಕಿಯನ್ನು 60 ನಿಮಿಷ ತಡೆಯುವ ಲೆಕ್ಕ ಹಿಡಿಯಿರಿ. ಹಳೆಯ ಚೌಕಟ್ಟಿಗೆ ತಾಗದಂತೆ ಬೇರೆಯೇ ಮರದ ಚೌಕಟ್ಟು ನಿಲ್ಲಿಸಿ, ಒಳಗೆ ಖನಿಜ ಉಣ್ಣೆ ತುಂಬಿ, ಎರಡು ಪದರ ಜಿಪ್ಸಮ್ ಹಲಗೆ ಹೊಡೆಯಿರಿ. ಸದ್ದಿನ ಪರೀಕ್ಷೆಯಲ್ಲಿ ಸೋಲುವುದು ಗೋಡೆಗಿಂತ ಹೆಚ್ಚಾಗಿ ಅದನ್ನು ತೂರಿಹೋಗುವ ಜಂತಿಗಳ ಸುತ್ತಲಿನ ಸಂದು. ಗೋಡೆ ಅಟ್ಟದಲ್ಲಿ ನಿಲ್ಲದೆ ಹಂಚಿನ ತಳದವರೆಗೂ ಹೋಗಬೇಕು, ಇಲ್ಲವಾದರೆ ಒಂದು ಮನೆಯ ಬೆಂಕಿ ಅಟ್ಟದ ಮೂಲಕ ಎಲ್ಲ ಮನೆಗಳಿಗೂ ಹಬ್ಬುತ್ತದೆ.

ಬಿಯರ್ ಇಡುತ್ತಿದ್ದ ನೆಲಮಾಳಿಗೆಯ ಗೋಡೆಗೆ ಸಿಮೆಂಟ್ ಬಳಿದರೆ ತೇವ ಮೇಲೇರಿ ಅಡಿತೊಲೆಗೇ ತಲುಪುತ್ತದೆ. ಗಾಳಿಯಾಡಲು ಕಿಂಡಿಗಳನ್ನು ತೆರೆದಿಟ್ಟು ಅದನ್ನು ಉಗ್ರಾಣವಾಗಿ ಬಳಸುವುದೇ ಲೇಸು.