ಕೆಲಸದ ಮೇಜು ಕಟ್ಟುವಾಗ ಎಲ್ಲಿಗೆ ಯಾವ ಬೋಲ್ಟು, ಯಾವ ಸ್ಕ್ರೂ ಹಾಕಿದೆ

ನನ್ನ ಕೆಲಸದ ಮೇಜನ್ನು ನಾನೇ ಕಟ್ಟಿದೆ. ಮರದ ಚೌಕಟ್ಟು, ಮೇಲೆ ದಪ್ಪ ಹಲಗೆ, ಒಂದು ಮೂಲೆಗೆ ಕಬ್ಬಿಣದ ವೈಸ್, ಅಂದ್ರೆ ಕೆಲಸದ ತುಂಡನ್ನು ಅಲುಗದಂತೆ ಹಿಡಿಯುವ ಇಕ್ಕಳ. ಬೋಲ್ಟು ಆರಿಸುವಾಗ ನಾನು ಮೊದಲು ನೋಡುವುದು ಅಳತೆಯನ್ನಲ್ಲ. ಆ ಜಾಗದಲ್ಲಿ ಅದು ಮಾಡಬೇಕಾದ ಕೆಲಸ ಏನು ಅನ್ನೋದನ್ನ. ಬೋಲ್ಟು ಆರಪಾರ ಹೋಗಿ ಆಚೆ ಕಡೆಯ ನಟ್ಟಿನ ಜೊತೆ ಸೇರಿ ನಡುವಿನ ಎರಡೂ ತುಂಡುಗಳನ್ನು ಒತ್ತಿ ಹಿಡಿಯುತ್ತದೆ. ಮರದ ಸ್ಕ್ರೂ ಮರವನ್ನೇ ಕಚ್ಚಿಕೊಂಡು ನಿಲ್ಲುತ್ತದೆ. ಭಾರ ಬೀಳುವ, ಅಲುಗಾಡುವ, ಮುಂದೆ ಬಿಚ್ಚಬೇಕಾಗಿ ಬರುವ ಜಾಗ ಅಂದ್ರೆ ನಾನು ಬೋಲ್ಟೇ ಹಾಕುವುದು.

ಕಾಲು ಮತ್ತು ಅಡ್ಡಪಟ್ಟಿ ಸೇರುವಲ್ಲಿ ಎಂ10, ಅಂದ್ರೆ 10 ಮಿ.ಮೀ. ದಪ್ಪದ, ಕ್ಯಾರೇಜ್ ಬೋಲ್ಟು ಹಾಕಿದೆ. ಇದರ ತಲೆ ಗುಂಡಗೆ, ನುಣ್ಣಗೆ ಇರುತ್ತದೆ, ಬಟ್ಟೆಗೆ ಸಿಕ್ಕುವುದಿಲ್ಲ. ತಲೆಯ ಕೆಳಗೆ ಚೌಕದ ಕುತ್ತಿಗೆ ಇದೆ. 10 ಮಿ.ಮೀ. ತೂತು ಕೊರೆದು ಸುತ್ತಿಗೆಯಿಂದ ಹೊಡೆದರೆ ಆ ಚೌಕ ಮರದೊಳಗೆ ಕೂರುತ್ತದೆ. ಆಮೇಲೆ ನಟ್ಟು ತಿರುಗಿಸುವಾಗ ಬೋಲ್ಟು ಜೊತೆಗೆ ಸುತ್ತುವುದಿಲ್ಲ, ಒಂದೇ ಕಡೆಯಿಂದ ಬಿಗಿ ಮಾಡಬಹುದು. ನಟ್ಟಿನ ಕೆಳಗೆ ಮಾತ್ರ ಅಗಲವಾದ ವಾಷರ್ ಬೇಕೇ ಬೇಕು. ಇಲ್ಲದಿದ್ದರೆ ನಟ್ಟು ಮರವನ್ನು ಜಜ್ಜಿ ಒಳಗೆ ಹೋಗುತ್ತದೆ. ಮರ ಒಣಗಿದಂತೆ ಕುಗ್ಗುತ್ತದೆ, ಹಾಗಾಗಿ ಸ್ವಲ್ಪ ಕಾಲ ಬಿಟ್ಟು ಎಲ್ಲಾ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿದೆ.

ಮೇಲಿನ ಹಲಗೆಗೆ ಕೆಳಗಿನಿಂದ ಮರದ ಸ್ಕ್ರೂ ಹಾಕಿದೆ. ಇಲ್ಲಿ ತೂತು ಎರಡು ಅಳತೆಯದು. ಸ್ಕ್ರೂ ಮೊದಲು ಹಾದುಹೋಗುವ ಅಡ್ಡಪಟ್ಟಿಯಲ್ಲಿ ಅದು ಸಲೀಸಾಗಿ ಜಾರುವಷ್ಟು ದೊಡ್ಡ ತೂತು. ಕಚ್ಚಬೇಕಾದ ಹಲಗೆಯಲ್ಲಿ ಥ್ರೆಡ್ (ಸುತ್ತಲಿನ ಸುರುಳಿ ಏಣು) ಬಿಟ್ಟು ನಡುವಿನ ಕಾಂಡದಷ್ಟೇ ದಪ್ಪದ ತೂತು. ಎರಡೂ ಕಡೆ ಥ್ರೆಡ್ ಕಚ್ಚಿದರೆ ಮಧ್ಯದ ಸಂದು ಹಾಗೇ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ. ಹಲಗೆ ಹಿಗ್ಗಿ ಕುಗ್ಗಲು ಜಾಗ ಇರಲಿ ಅಂತ ಅಡ್ಡಪಟ್ಟಿಯ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿದೆ. ಗಟ್ಟಿ ಮರವಾದರೆ ಥ್ರೆಡ್‌ಗೆ ಮೇಣ ಸವರುತ್ತೇನೆ. ಜಿಪ್ಸಂ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ ಇಂಥ ಕಡೆ ಬೇಡವೇ ಬೇಡ. ಅದು ಗಡುಸು, ಬಾಗುವುದಿಲ್ಲ, ಅಡ್ಡ ಒತ್ತಡ ಜಾಸ್ತಿಯಾದರೆ ಪಟ್ ಅಂತ ಮುರಿಯುತ್ತದೆ.

ವೈಸ್‌ಗೆ ಎಂ12 ಷಡ್ಭುಜ ತಲೆಯ ಬೋಲ್ಟು. ತಲೆಯ ಮೇಲೆ 8.8 ಅಂತ ಅಚ್ಚಾಗಿರುವುದನ್ನೇ ತೆಗೆದುಕೊಂಡೆ. ಮೊದಲ 8 ಅಂದ್ರೆ ಒಂದು ಚದರ ಮಿ.ಮೀ.ಗೆ 800 ನ್ಯೂಟನ್ ಎಳೆತದವರೆಗೆ ಮುರಿಯದ ಉಕ್ಕು. ಚುಕ್ಕೆಯ ನಂತರದ 8 ಅಂದ್ರೆ ಅದರ ಶೇಕಡಾ 80ರವರೆಗೆ, ಅಂದರೆ 640ರವರೆಗೆ, ಎಳೆದು ಬಿಟ್ಟರೆ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಈ ಎರಡನೇ ಅಂಕಿ ನನಗೆ ಮುಖ್ಯ. ಯಾಕಂದ್ರೆ ಬಿಗಿ ಮಾಡಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಸ್ಪ್ರಿಂಗ್ ಥರ ವಾಪಸ್ ಎಳೆಯುತ್ತದೆ. ವೈಸನ್ನು ಹಿಡಿದಿಡುವುದು ಆ ಎಳೆತವೇ. ಅರ್ಧಂಬರ್ಧ ಬಿಗಿ ಮಾಡಿದ ಬೋಲ್ಟು ಎಷ್ಟೇ ದಪ್ಪವಿದ್ದರೂ ಸಡಿಲವಾಗುತ್ತದೆ. ಸುತ್ತಿಗೆ ಏಟು ಬೀಳುವ ಜಾಗ ಆದ್ದರಿಂದ ನಟ್ಟು ನೈಲಾಕ್, ಒಳಗೆ ನೈಲಾನ್ ಬಳೆ ಇರುವಂಥದ್ದು. ಬಿಚ್ಚಿದ ಮೇಲೆ ಅದಕ್ಕೆ ಹೊಸದನ್ನೇ ಹಾಕುತ್ತೇನೆ, ಬಳೆ ಸವೆದರೆ ಹಿಡಿತ ಹೋಗುತ್ತದೆ.

ಸ್ಟೇನ್‌ಲೆಸ್, ಅಂದ್ರೆ ಸುಲಭಕ್ಕೆ ತುಕ್ಕು ಹಿಡಿಯದ ಉಕ್ಕಿನ ಬೋಲ್ಟು, ಯಾಕೆ ಹಾಕಲಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಮಳೆಗೆ, ನೀರಿಗೆ ಸಿಗುವ ಕಡೆ ಅದೇ ಸರಿ. ಆದರೆ ಸಾಮಾನ್ಯವಾಗಿ ಸಿಗುವ, ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿನ ಬಲ ಅದೇ ಲೆಕ್ಕದಲ್ಲಿ 700, ಅಂದರೆ 8.8ಕ್ಕಿಂತ ಕಡಿಮೆ. ಮೇಲಾಗಿ ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಉಜ್ಜಿದರೆ ಥ್ರೆಡ್ ಕಚ್ಚಿಕೊಂಡು ಹಿಂದೆ ಮುಂದೆ ಎಲ್ಲಿಗೂ ಹೋಗುವುದಿಲ್ಲ. ಗ್ರೀಸ್ ಇಲ್ಲದೆ ಹಾಕಲೇಬಾರದು. ಒಳಗಿರುವ ಮೇಜಿಗೆ ಸತುವಿನ ಲೇಪ ಇದ್ದರೆ ಸಾಕು.

ಕೆಳಗಿನ ತಗಡಿನ ತಟ್ಟೆಗೆ ಸೆಲ್ಫ್ ಟ್ಯಾಪಿಂಗ್, ಅಂದ್ರೆ ತಗಡಿನಲ್ಲಿ ತನ್ನ ಥ್ರೆಡ್ ತಾನೇ ಕೊರೆದುಕೊಳ್ಳುವ, ಸ್ಕ್ರೂ ಹಾಕಿದೆ, ಅಷ್ಟೇ.

ಹಳೇ ತೂತಿಗೆ ಸ್ಕ್ರೂ ಮತ್ತೆ ಹಾಕುವಾಗ ನೇರವಾಗಿ ಬಿಗಿ ಮಾಡಲು ಹೋಗುವುದಿಲ್ಲ. ಮೊದಲು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತೇನೆ. ಒಂದು ಕಡೆ ಟಕ್ ಅಂತ ಕೆಳಗೆ ಇಳಿದದ್ದು ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಹಳೇ ದಾರಿಯಲ್ಲೇ ಹೋಗುತ್ತದೆ, ಮರ ಹೊಸದಾಗಿ ಹರಿಯುವುದಿಲ್ಲ. ನಟ್ಟು ಹತ್ತಿಸುವಾಗಲೂ ಹೀಗೇ ಮಾಡುತ್ತೇನೆ.