ಯುದ್ಧಕಾಲದ ಬೆಲೆಯೇರಿಕೆ: ಲೆಕ್ಕ ಬಿಡಿಸುವುದು ಹೇಗೆ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನೋಡಿದವರಿಗೆ ಗೊತ್ತು: ಮಂಡಿಗೆ ಬಂದ ಬಾಕ್ಸುಗಳ ಜೊತೆಗೆ, ಕೊಳ್ಳುವವರ ಕೈಯಲ್ಲಿ ಎಷ್ಟು ದುಡ್ಡಿದೆ ಎನ್ನುವುದೂ ದರವನ್ನು ತೀರ್ಮಾನಿಸುತ್ತದೆ. ಯುದ್ಧಕಾಲದ ಬೆಲೆಯೇರಿಕೆಯನ್ನೂ ಈ ಎರಡು ತುದಿಗಳಿಂದಲೇ ಬಿಡಿಸಬೇಕು. ಎರಡನೇ ಮಹಾಯುದ್ಧದ ಭಾರತವನ್ನೇ ತೆಗೆದುಕೊಳ್ಳೋಣ.

ಮೊದಲು ನೋಟುಗಳನ್ನು ಲೆಕ್ಕ ಹಾಕಿ. 1939ರಲ್ಲಿ ಸುಮಾರು 180 ಕೋಟಿ ರೂಪಾಯಿಯಷ್ಟಿದ್ದ ನೋಟುಗಳ ಚಲಾವಣೆ 1945ರ ಹೊತ್ತಿಗೆ 1,100 ಕೋಟಿಯನ್ನು ದಾಟಿತ್ತು. ಬ್ರಿಟಿಷ್ ಸರ್ಕಾರ ಇಲ್ಲಿ ಕೊಂಡ ಸರಕಿಗೆ ಲಂಡನ್ನಿನಲ್ಲಿ ಸ್ಟರ್ಲಿಂಗ್ (ಬ್ರಿಟಿಷ್ ಪೌಂಡ್) ಜಮಾ ಮಾಡುತ್ತಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ರಿಸರ್ವ್ ಬ್ಯಾಂಕ್ ಇಲ್ಲಿ ರೂಪಾಯಿ ಅಚ್ಚು ಹಾಕಿತು. ಸರಕು ಹೊರಗೆ ಹೋಯಿತು, ನೋಟು ಊರಲ್ಲೇ ಉಳಿಯಿತು.

ಮುಂದೆ ಆ ಹಣದ ಓಡಾಟವನ್ನು ಗಮನಿಸಿ. ಹಣದ ಮೊತ್ತವನ್ನು ಅದು ಕೈ ಬದಲಾಯಿಸುವ ವೇಗದಿಂದ ಗುಣಿಸಿದರೆ, ದರವನ್ನು ವಹಿವಾಟಿನಿಂದ ಗುಣಿಸಿದಷ್ಟೇ ಬರುತ್ತದೆ ಎಂಬುದು ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಷರ್ 1911ರಲ್ಲಿ ಮಂಡಿಸಿದ ಸಮೀಕರಣ. ಆದರೆ ನೋಟು ಆರು ಪಟ್ಟಾದಾಗ ಸಗಟು ದರದ ಸೂಚ್ಯಂಕ ಏರಿದ್ದು ಸುಮಾರು ಎರಡೂವರೆ ಪಟ್ಟು ಮಾತ್ರ. ನೋಟಿನ ಎಣಿಕೆಯೊಂದರಿಂದಲೇ ಉತ್ತರ ಸಿಗುವುದಿಲ್ಲ ಎನ್ನಲು ಇಷ್ಟು ಸಾಕು.

ಇಲ್ಲಿಂದ ಆದಾಯದ ದಾರಿ ಹಿಡಿಯಬೇಕು. ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಹೆಜ್ಜೆ ಇದೇ. 1940ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ತೋರಿಸಿಕೊಟ್ಟ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ನೋಡಿ. ಒಂದು ಊರಿನ ಆದಾಯ 100 ರೂಪಾಯಿ, ಅಲ್ಲಿ ಸಿಗುವ ಸರಕೂ 100 ರೂಪಾಯಿಯದು ಎಂದಿಟ್ಟುಕೊಳ್ಳಿ. ಯುದ್ಧದ ಕೆಲಸದಿಂದ ಆದಾಯ 120ಕ್ಕೆ ಏರುತ್ತದೆ, 10 ರೂಪಾಯಿಯ ಸರಕು ಸೈನ್ಯಕ್ಕೆ ಹೋಗುತ್ತದೆ, ತೆರಿಗೆ ಮತ್ತು ಉಳಿತಾಯಕ್ಕೆ 10 ರೂಪಾಯಿ ಕಳೆಯುತ್ತದೆ. 90 ರೂಪಾಯಿಯ ಸರಕಿನ ಬೆನ್ನಿಗೆ 110 ರೂಪಾಯಿ ಬಿದ್ದಾಗ ದರ ಶೇ 22ರಷ್ಟು ಏರುತ್ತದೆ, ಹೆಚ್ಚುವರಿ 20 ರೂಪಾಯಿ ಮಾರುವವರ ಲಾಭವಾಗುತ್ತದೆ. ಕೂಲಿ ಹೆಚ್ಚಿಸಿದರೆ ಈ ಅಂತರ ಮತ್ತೆ ಬಾಯಿ ತೆರೆಯುತ್ತದೆ. ಆ 20 ರೂಪಾಯಿಯನ್ನು ತೆರಿಗೆಯಾಗಿ, ಯುದ್ಧ ಮುಗಿದ ಮೇಲೆ ಹಿಂದಿರುಗಿಸುವ ಕಡ್ಡಾಯ ಉಳಿತಾಯವಾಗಿ ಮೊದಲೇ ತೆಗೆದಿಡಬೇಕೆಂದು ಕೇನ್ಸ್ ವಾದಿಸಿದರು. 1941ರ ಬಜೆಟ್ಟಿನಲ್ಲಿ ಬ್ರಿಟನ್ ಇದನ್ನು ಭಾಗಶಃ ಜಾರಿಗೆ ತಂದಿತು.

ಕೊನೆಗೆ, ಯಾರ ಆದಾಯ ಹಿಂದೆ ಬಿತ್ತು ಎಂದು ಕೇಳಿ. 1943ರ ಬಂಗಾಳದಲ್ಲಿ ಕಲ್ಕತ್ತೆಯ ಕೈಗಾರಿಕಾ ಕಾರ್ಮಿಕರಿಗೆ ಅಗ್ಗದ ಅಕ್ಕಿ ಸಿಕ್ಕಿತು, ಹಳ್ಳಿಯ ಕೂಲಿಕಾರರಿಗೆ ಸಿಗಲಿಲ್ಲ. ಅಧಿಕೃತ ತನಿಖಾ ಆಯೋಗದ ಅಂದಾಜಿನಂತೆಯೇ ಸುಮಾರು 15 ಲಕ್ಷ ಜನ ಸತ್ತರು. ಆದಾಯ ಹೀಗೆ ಹಿಂದೆ ಬೀಳುವುದನ್ನು ಅಳೆಯಲು ಕೂಲಿಯನ್ನು ರಾಗಿಗೆ ಪರಿವರ್ತಿಸಿ. ಕೂಲಿ ನಾಲ್ಕಾಣೆ, ರಾಗಿ ಸೇರಿಗೆ ಎರಡಾಣೆ ಇದ್ದರೆ ದಿನಕ್ಕೆ ಎರಡು ಸೇರು ಸಿಗುತ್ತದೆ. ರಾಗಿ ನಾಲ್ಕಾಣೆಗೆ ಏರಿ, ಕೂಲಿ ಐದಾಣೆಯಲ್ಲೇ ನಿಂತರೆ ಮನೆಗೆ ಬರುವುದು ಒಂದೂಕಾಲು ಸೇರು.